ಗೇರ್ ಬಾಕ್ಸ್ ಬಿಚ್ಚೋ ಮೊದಲು ಚೈನ್ ನೋಡಿ

ದೂರ ಹೋಗುವ ಬೈಕ್‌ಗಳ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದೆವು. ಮೈಲೇಜ್, ಟೈರ್ ಬಗ್ಗೆ ಬರುತ್ತೆ ಅಂದುಕೊಂಡಿದ್ದೆ. ಬಂದಿದ್ದರಲ್ಲಿ ಹೆಚ್ಚಿನವು ಜರ್ಕ್, 'ಟಕ್' ಸದ್ದು, ಸಲೀಸಾಗಿ ಬೀಳದ ಗೇರು, ಇವುಗಳದ್ದೇ ದೂರು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇನೆ.

ನನ್ನದು 350 ಸಿಸಿ ಸಿಂಗಲ್ ಸಿಲಿಂಡರ್ ಬೈಕ್. 38 ಸಾವಿರ ಕಿ.ಮೀ. ಓಡಿದೆ. ನಿಧಾನಕ್ಕೆ ಹೋಗುವಾಗ ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟರೆ 'ಟಕ್' ಅಂತ ಸದ್ದು ಬರುತ್ತೆ, ಜೊತೆಗೆ ಒಂದು ಸಣ್ಣ ಜರ್ಕ್. ಗೇರ್ ಬಾಕ್ಸ್ ಬಿಚ್ಚಬೇಕು ಅಂತ ಗ್ಯಾರೇಜಿನವರು ಹೇಳ್ತಿದ್ದಾರೆ. ಬಿಚ್ಚಿಸಲಾ?
— ಓದುಗರು, ಹಾಸನ

ಈಗಲೇ ಬೇಡ. ಗೇರ್ ಬಾಕ್ಸ್ ಬಿಚ್ಚೋದು ಕೊನೆಯ ಕೆಲಸ. ಅದಕ್ಕೂ ಮೊದಲು ನೋಡಬೇಕಾದ್ದು ಬೇಕಾದಷ್ಟಿದೆ, ಅದೂ ನಿಮ್ಮ ಮನೆ ಅಂಗಳದಲ್ಲೇ, ಕಾಸು ಖರ್ಚಿಲ್ಲದೆ.

ಮೊದಲು ಒಂದು ವಿಷಯ. ಎಂಜಿನ್‌ನಿಂದ ಹಿಂದಿನ ಚಕ್ರದವರೆಗೆ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಪ್ಲೇ, ಅಂದರೆ ಭಾಗಗಳ ನಡುವೆ ಆಡುವಷ್ಟು ಸಡಿಲ, ಇದ್ದೇ ಇರುತ್ತೆ. ಹೊಸ ಬೈಕಿನಲ್ಲೂ ಇರುತ್ತೆ. ಗೇರ್ ಬಾಕ್ಸ್ ಒಳಗೆ ಎಲ್ಲ ಗೇರುಗಳ ಹಲ್ಲುಗಳೂ ಯಾವಾಗಲೂ ಒಂದಕ್ಕೊಂದು ಸೇರಿಕೊಂಡೇ ಇರುತ್ತವೆ. ನೀವು ಲಿವರ್ ಒತ್ತಿದಾಗ ಒಂದು ಗೇರು ಪಕ್ಕಕ್ಕೆ ಸರಿದು, ಅದರ ಮೈಮೇಲಿರುವ ಗುಬಟುಗಳು ಪಕ್ಕದ ಗೇರಿನ ಕಿಂಡಿಗಳಿಗೆ ಕೂರುತ್ತವೆ. ಈ ಗುಬಟುಗಳಿಗೆ ಮೆಕಾನಿಕ್‌ಗಳು ಡಾಗ್ ಅಂತಾರೆ. ಬಾಗಿಲ ಅಗುಳಿಗಿಂತ ಅದು ಕೂರುವ ತೂತು ಸ್ವಲ್ಪ ದೊಡ್ಡದಾಗಿರಬೇಕು, ಇಲ್ಲದಿದ್ದರೆ ಅಗುಳಿ ಕೂರೋದೇ ಇಲ್ಲ, ಅಲ್ವಾ? ಇಲ್ಲೂ ಹಾಗೇನೇ. ಕಿಂಡಿ ಅಗಲವಾಗಿದ್ದರೆ ಮಾತ್ರ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವಾಗಲೂ ಗೇರು ಸಲೀಸಾಗಿ ಬೀಳುತ್ತೆ. ಅಂದರೆ ಗೇರ್ ಸಲೀಸಾಗಿ ಬೀಳಬೇಕು ಅಂದರೆ ಒಂದಿಷ್ಟು ಪ್ಲೇ ಬೇಕೇ ಬೇಕು. ಆಕ್ಸಿಲರೇಟರ್ ಬಿಟ್ಟಾಗ ಗುಬಟು ಕಿಂಡಿಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಗಿ ತಾಗುತ್ತೆ, ಮತ್ತೆ ಕೊಟ್ಟಾಗ ವಾಪಸ್ ಬಂದು ಬಡಿಯುತ್ತೆ. ನಿಮಗೆ ಕೇಳುವ 'ಟಕ್'ನಲ್ಲಿ ಒಂದು ಪಾಲು ಅದು. ಆ ಪಾಲನ್ನು ಯಾರಿಂದಲೂ ತೆಗೆಯೋಕಾಗಲ್ಲ.

ಉಳಿದ ಪಾಲು ಎಲ್ಲಿಂದ ಬರ್ತಿದೆ ಅಂತ ಹುಡುಕೋಣ. ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಇರಲಿ, ಕೀ ತೆಗೆದುಬಿಡಿ. ಒಂದನೇ ಗೇರಿಗೆ ಹಾಕಿ. ಹಿಂದಿನ ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯಿರಿ, ಮಡ್‌ಗಾರ್ಡ್ ಮೇಲೆ ಅದರ ಎದುರಿಗೆ ಇನ್ನೊಂದು. ಈಗ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಜೋರು ಬೇಡ, ಕಣ್ಣು ಮಾತ್ರ ಚೈನ್ ಮೇಲಿರಲಿ. ಮೊದಲು ಚೈನಿನ ಜೋಲು ಕೆಳಗಿನಿಂದ ಮೇಲಕ್ಕೆ ಹೋಗೋದು ಕಾಣುತ್ತೆ. ಆಮೇಲೆ ಮುಂದಿನ ಚಿಕ್ಕ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಸ್ವಲ್ಪ ತಿರುಗಿ ನಿಲ್ಲುತ್ತೆ. ಗೇರ್ ಬಾಕ್ಸಿನ ಪ್ಲೇ ಅಂದರೆ ಅದು ತಿರುಗಿದಷ್ಟು. ಚಿಕ್ಕ ಸ್ಪ್ರಾಕೆಟ್ ನಿಂತ ಮೇಲೂ, ಚೈನ್ ಬಿಗಿಯಾದ ಮೇಲೂ ಚಕ್ರ ಮಾತ್ರ ಇನ್ನೂ ಆಡುತ್ತಿದೆಯಾ? ಹಾಗಾದರೆ ಕಳ್ಳ ಹಬ್ ಒಳಗೆ, ಅಂದರೆ ಚಕ್ರದ ನಡುಭಾಗದಲ್ಲಿ, ಇದ್ದಾನೆ.

ಹಿಂದಿನ ಹಬ್‌ಗೂ ದೊಡ್ಡ ಸ್ಪ್ರಾಕೆಟ್‌ಗೂ ನಡುವೆ ರಬ್ಬರ್ ತುಂಡುಗಳಿವೆ. ಹಬ್ ರಬ್ಬರ್ ಅಂತಾನೋ ಕಪ್ಲಿಂಗ್ ರಬ್ಬರ್ ಅಂತಾನೋ ಕೇಳಿದರೆ ಅಂಗಡಿಯವರು ಕೊಡುತ್ತಾರೆ. ಎಂಜಿನ್ನಿನ ಪ್ರತಿ ಹೊಡೆತವನ್ನೂ ಇವು ನುಂಗಿಕೊಳ್ಳುತ್ತವೆ. ವರ್ಷಗಳಾದ ಹಾಗೆ ಗಟ್ಟಿಯಾಗಿ ಸವೆಯುತ್ತವೆ, ಕೆಲವೊಮ್ಮೆ ಪುಡಿಯೇ ಆಗುತ್ತವೆ. ಒಂದು ಕೈಯಲ್ಲಿ ಚಕ್ರ ಹಿಡಿದು, ಇನ್ನೊಂದರಲ್ಲಿ ದೊಡ್ಡ ಸ್ಪ್ರಾಕೆಟ್ ಆಡಿಸಿ ನೋಡಿ. ಮೆತ್ತಗೆ ಒತ್ತಿದ ಹಾಗಿದ್ದರೆ ಸರಿ. ತಡೆಯೇ ಇಲ್ಲದೆ 'ಖಟ್ ಖಟ್' ಅಂತ ಹೋಗಿ ಬಂದರೆ ರಬ್ಬರ್ ಮುಗಿದಿದೆ. ನಿಮ್ಮ ಬೈಕು ಓಡಿದ ಕಿಲೋಮೀಟರಿಗೆ ನನ್ನ ಅನುಮಾನ ಮೊದಲು ಇದರ ಮೇಲೇ. ಗೇರ್ ಬಾಕ್ಸ್ ಬಿಚ್ಚಿಸುವ ಖರ್ಚಿನ ಮುಂದೆ ಇದು ಏನೂ ಅಲ್ಲ. ಚಕ್ರ ಬಿಚ್ಚಿದ್ದಾಗಲೇ ಬೇರಿಂಗ್‌ಗಳನ್ನೂ ಬೆರಳು ಹಾಕಿ ತಿರುಗಿಸಿ ನೋಡಿ ಅಂತ ಹೇಳಿ.

ಇನ್ನೊಂದು ಮಾತು. ಸಿಂಗಲ್ ಸಿಲಿಂಡರ್ ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಂದೇ ಸಲ ಹೊಡೆಯುತ್ತೆ, ಅಂದರೆ ಪೆಟ್ರೋಲ್ ಉರಿದು ತಳ್ಳುತ್ತೆ. 2000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 2000 ಸುತ್ತು) ಅಂದರೆ ಸೆಕೆಂಡಿಗೆ ಸುಮಾರು 17 ಸಲ ಅಷ್ಟೇ. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಚೈನ್ ಸಡಿಲವಾಗಿ ಮತ್ತೆ ಬಿಗಿಯಾಗೋಕೆ ಬೇಕಾದಷ್ಟು ಹೊತ್ತು ಸಿಗುತ್ತೆ. ಟಾಪ್ ಗೇರಿನಲ್ಲಿ ಎಂಜಿನ್ ಒದ್ದಾಡ್ತಾ ಇದ್ದರೆ ಎಷ್ಟೇ ಒಳ್ಳೆ ಬೈಕಾದರೂ ಕುಪ್ಪಳಿಸುತ್ತೆ. ಒಂದು ಗೇರ್ ಇಳಿಸಿ ನೋಡಿ. ಜರ್ಕ್ ಅರ್ಧ ಕಮ್ಮಿಯಾದರೆ ಅದು ಬೈಕಿನ ರೋಗ ಅಲ್ಲ, ಓಡಿಸುವ ರೀತಿ.

ಹಾಗಾದರೆ ಗೇರ್ ಬಾಕ್ಸ್ ಬಿಚ್ಚೋದು ಯಾವಾಗ? ಎಳೆತ ಕೊಟ್ಟಾಗ ಒಂದೇ ಒಂದು ಗೇರು ಪದೇ ಪದೇ ತಾನಾಗಿ ಬಿಟ್ಟುಕೊಂಡು ಬಂದರೆ. ಒಂದು ಗೇರಿನಲ್ಲಿ ಮಾತ್ರ ಕೊರಗುವ ಸದ್ದಿದ್ದರೆ. ಆಯಿಲ್ ಇಳಿಸಿದಾಗ ಲೋಹದ ಚೂರು ಸಿಕ್ಕರೆ. ಹಳೇ ಆಯಿಲಿನಲ್ಲಿ ನುಣ್ಣಗಿನ ಬೂದಿಯಂಥದ್ದು ಸ್ವಲ್ಪ ಇದ್ದರೆ ಗಾಬರಿ ಬೇಡ, ಉಗುರಿಗೆ ಸಿಗುವ ಚೂರು ಕಂಡರೆ ಮಾತ್ರ ತಡಮಾಡಬೇಡಿ.

ಚೈನ್ ಲೂಸ್ ಇದ್ದರೆ ಜರ್ಕ್ ಜಾಸ್ತಿ ಅಂತ ನಾನೇ ಪೂರ್ತಿ ಬಿಗಿ ಮಾಡಿಸಿದ್ದೇನೆ. ಈಗ ಸ್ಮೂತ್ ಆಗಿದೆ. ಹೆಂಡತಿ ಜೊತೆ, ಎರಡೂ ಕಡೆ ಲಗೇಜ್ ಪೆಟ್ಟಿಗೆ ಹಾಕಿಕೊಂಡು ಗೋಕರ್ಣಕ್ಕೆ ಹೊರಟಿದ್ದೇವೆ. ಇನ್ನೇನಾದರೂ ನೋಡಬೇಕಾ?
— ಓದುಗರು, ದಾವಣಗೆರೆ

ಹೊರಡೋ ಮೊದಲು ಆ ಚೈನ್ ಸಡಿಲ ಮಾಡಿಸಿ ಸ್ವಾಮಿ!

ಸೀಟ್ ಮೇಲೆ ಭಾರ ಬಿದ್ದಾಗ ಹಿಂದಿನ ಚಕ್ರ ಮೇಲಕ್ಕೆ ಬರುತ್ತೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ (ಹಿಂದಿನ ಚಕ್ರ ಹಿಡಿದಿರುವ ತೋಳು) ಕೀಲು, ಹಿಂದಿನ ಆಕ್ಸಲ್, ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನಿಗೆ ಅತಿ ಹೆಚ್ಚು ಉದ್ದ ಬೇಕಾಗುತ್ತೆ. ಖಾಲಿ ಬೈಕಿನಲ್ಲೇ ತಂತಿಯ ಹಾಗೆ ಬಿಗಿ ಮಾಡಿಟ್ಟರೆ, ಇಬ್ಬರು ಕೂತು ಲಗೇಜ್ ಹಾಕಿ ಒಂದು ಹಂಪ್ ಹಾರಿಸಿದಾಗ ಆ ಉದ್ದ ಎಲ್ಲಿಂದ ಬರಬೇಕು? ಗೇರ್ ಬಾಕ್ಸಿನ ಔಟ್‌ಪುಟ್ ಶಾಫ್ಟನ್ನೇ ಚೈನ್ ಹಿಡಿದು ಎಳೆಯುತ್ತೆ. ಅದರ ಬೇರಿಂಗ್ ಹೋಗುತ್ತೆ, ಆಯಿಲ್ ಸೀಲ್ ಸೋರುತ್ತೆ, ಚೈನ್ ಬೇಗ ಸಾಯುತ್ತೆ. ಲೂಸ್ ಚೈನ್ ಸದ್ದು ಮಾಡಿ ಎಚ್ಚರಿಸುತ್ತೆ. ಬಿಗಿ ಚೈನ್ ಸದ್ದಿಲ್ಲದೆ ಕೆಡಿಸುತ್ತೆ, ಅದಕ್ಕೇ ಜನ ಮೋಸ ಹೋಗೋದು. ಹಾಗಂತ ವಿಪರೀತ ಲೂಸ್ ಬಿಟ್ಟರೂ ಅಪಾಯವೇ, ಓಡುವಾಗ ಸ್ಪ್ರಾಕೆಟ್‌ನಿಂದ ಜಾರಿದರೆ ಚಕ್ರವೇ ಲಾಕ್ ಆಗಬಹುದು.

ಎಷ್ಟು ಬಿಡಬೇಕು ಅನ್ನೋದು ನಿಮ್ಮ ಬೈಕಿನ ಪುಸ್ತಕದಲ್ಲಿದೆ. ಸ್ವಿಂಗ್ ಆರ್ಮ್ ಮೇಲಿನ ಸ್ಟಿಕ್ಕರಿನಲ್ಲೂ ಹೆಚ್ಚಾಗಿ ಇರುತ್ತೆ. ರಸ್ತೆ ಬೈಕ್‌ಗಳಿಗೆ ಸಾಮಾನ್ಯವಾಗಿ 25ರಿಂದ 35 ಮಿ.ಮೀ. ಆಸುಪಾಸು. ಸಸ್ಪೆನ್ಶನ್ ಉದ್ದ ಇರುವ ಅಡ್ವೆಂಚರ್ ಬೈಕ್‌ಗಳಿಗೆ ಅದಕ್ಕಿಂತ ಜಾಸ್ತಿ. ಕೆಳಗಿನ ಚೈನಿನ ಮಧ್ಯಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಮಾಡಿ, ಪಕ್ಕದಲ್ಲಿ ಸ್ಕೇಲ್ ಹಿಡಿದು ಅಳೆಯಿರಿ. ಸೈಡ್ ಸ್ಟ್ಯಾಂಡಿನಲ್ಲಿ ಅಳೆಯಬೇಕೋ ಸೆಂಟರ್ ಸ್ಟ್ಯಾಂಡಿನಲ್ಲೋ ಅನ್ನೋದನ್ನೂ ಪುಸ್ತಕದಲ್ಲೇ ನೋಡಿ, ಎರಡಕ್ಕೂ ಅಳತೆ ಬೇರೆ ಬರುತ್ತೆ. ಒಂದೇ ಕಡೆ ಅಳೆದು ಬಿಡಬೇಡಿ. ಚಕ್ರ ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಕಡೆ ನೋಡಿ, ಎಲ್ಲಿ ಅತಿ ಬಿಗಿಯಾಗಿದೆಯೋ ಅಲ್ಲಿಗೆ ಲೆಕ್ಕ ಇಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು ಅಂತ ಭಾರೀ ವ್ಯತ್ಯಾಸ ಇದ್ದರೆ ಚೈನ್ ಒಂದೇ ಸಮ ಸವೆದಿಲ್ಲ. ಅದನ್ನು ಬಿಗಿ ಮಾಡಿ ಪ್ರಯೋಜನ ಇಲ್ಲ, ಬದಲಾಯಿಸಬೇಕು.

ಬದಲಾಯಿಸೋ ಕಾಲ ಬಂತಾ ಅಂತ ನೋಡೋಕೆ, ದೊಡ್ಡ ಸ್ಪ್ರಾಕೆಟಿನ ತೀರಾ ಹಿಂಭಾಗದಲ್ಲಿ ಚೈನನ್ನು ಹಿಡಿದು ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಆಯಸ್ಸು ಮುಗಿದಿದೆ. ಹಲ್ಲುಗಳು ಒಂದು ಕಡೆಗೆ ಕೊಕ್ಕೆಯಂತೆ ಬಾಗಿದ್ದರೂ ಅಷ್ಟೇ. ಚೈನ್ ಕಿಟ್ ಪೂರ್ತಿ ಹಾಕಿಸಿ. ಹಳೇ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕಿ ದುಡ್ಡು ಉಳಿಸಿದೆ ಅನ್ನೋರು ಬೇಗನೆ ಮತ್ತೆ ಅದೇ ಅಂಗಡಿಗೆ ಬರುತ್ತಾರೆ.

ತೊಳೆಯೋಕೆ ಪೆಟ್ರೋಲ್ ಬೇಡ, ಓ-ರಿಂಗ್ ಚೈನಿನ ಕೀಲುಗಳಲ್ಲಿರುವ ರಬ್ಬರ್ ಬಳೆಗಳು ಹಾಳಾಗುತ್ತವೆ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಮೆತ್ತನೆ ಬ್ರಷ್, ಆಮೇಲೆ ಬಟ್ಟೆಯಲ್ಲಿ ಒರೆಸಿ ಚೈನ್ ಲೂಬ್ ಅಥವಾ 90 ನಂಬರ್ ಗೇರ್ ಆಯಿಲ್. ಕರಾವಳಿ ಮಳೆಯಲ್ಲಿ ಓಡಿಸಿದರೆ ಅವತ್ತೇ ಸಂಜೆ ಲೂಬ್ ಮಾಡಿ. ಮತ್ತೆ, ಎಂಜಿನ್ ಸ್ಟಾರ್ಟ್ ಮಾಡಿ ಗೇರಿನಲ್ಲಿಟ್ಟು ಚೈನ್ ತೊಳೆಯೋದು ಬೇಡವೇ ಬೇಡ. ಬಟ್ಟೆ ಸಿಕ್ಕಿಕೊಂಡರೆ ಬೆರಳು ಹೋಗುತ್ತೆ. ಚಕ್ರ ಕೈಯಲ್ಲೇ ತಿರುಗಿಸಿ.

ಬೆಳಿಗ್ಗೆ ಮೊದಲ ಸಲ ಒಂದನೇ ಗೇರ್ ಹಾಕಿದಾಗ 'ಢಣ್' ಅಂತ ಸದ್ದಾಗಿ ಬೈಕ್ ಒಂದಿಂಚು ಮುಂದೆ ಹಾರುತ್ತೆ. ಆಮೇಲೆ ದಿನವಿಡೀ ಸರಿ. ಬೈಕ್ ಹೊಸದು.
— ಓದುಗರು, ಮಡಿಕೇರಿ

ಮಡಿಕೇರಿ ಚಳಿಯಲ್ಲಿ ಹಾಗಾಗದಿದ್ದರೆ ಆಶ್ಚರ್ಯ. ರಾತ್ರಿಯಿಡೀ ನಿಂತ ಬೈಕಿನ ಆಯಿಲ್ ಗಟ್ಟಿಯಾಗಿ ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನೀವು ಕ್ಲಚ್ ಹಿಡಿದರೂ ಅವು ಪೂರ್ತಿ ಬಿಡೋದಿಲ್ಲ, ಗೇರ್ ಬಾಕ್ಸಿನ ಒಂದು ಶಾಫ್ಟ್ ತಿರುಗುತ್ತಲೇ ಇರುತ್ತೆ. ಇನ್ನೊಂದು ಶಾಫ್ಟ್ ನಿಂತ ಚಕ್ರಕ್ಕೆ ಕಟ್ಟಿಕೊಂಡಿದೆ. ತಿರುಗೋದು ನಿಂತದ್ದಕ್ಕೆ ಹೋಗಿ ಬಡಿದಾಗ ಆ ಸದ್ದು. ತಣ್ಣಗಿರುವಾಗ ಎಂಜಿನ್ ಐಡಲ್ (ಆಕ್ಸಿಲರೇಟರ್ ಕೊಡದೆ ಓಡುವ ವೇಗ) ಕೂಡ ಜಾಸ್ತಿ ಇರುತ್ತೆ, ಹಾಗಾಗಿ ಏಟು ಇನ್ನೂ ಜೋರು.

ಸ್ಟಾರ್ಟ್ ಮಾಡೋ ಮೊದಲೇ ಎರಡನೇ ಗೇರಿಗೆ ಹಾಕಿ, ಕ್ಲಚ್ ಪೂರ್ತಿ ಹಿಡಿದು, ಬೈಕನ್ನು ಹಿಂದೆ ಮುಂದೆ ತಳ್ಳಿ. ಮೊದಲು ಜಗ್ಗುತ್ತೆ, ಆಮೇಲೆ ಸಡಿಲವಾಗುತ್ತೆ. ಪ್ಲೇಟ್ ಬಿಟ್ಟುಕೊಂಡಿತು ಅಂತ ಅರ್ಥ. ಆಮೇಲೆ ನ್ಯೂಟ್ರಲ್ ಮಾಡಿ ಸ್ಟಾರ್ಟ್ ಮಾಡಿ, ಐಡಲ್ ಇಳಿಯಲಿ, ಕ್ಲಚ್ ಹಿಡಿದು ಎರಡು ಮೂರು ಸೆಕೆಂಡ್ ಬಿಟ್ಟು ಗೇರ್ ಹಾಕಿ. ಇಷ್ಟು ಮಾಡಿದರೂ ಸದ್ದು ಹಾಗೇ ಇದ್ದರೆ ಕ್ಲಚ್ ಕೇಬಲ್ ನೋಡಿ. ಲಿವರ್ ಬುಡದಲ್ಲಿ ಸಾಮಾನ್ಯವಾಗಿ 2-3 ಮಿ.ಮೀ. ಫ್ರೀ ಪ್ಲೇ ಇರಬೇಕು. ತುಂಬಾ ಲೂಸ್ ಆಗಿದ್ದರೆ ಕ್ಲಚ್ ಪೂರ್ತಿ ಬಿಡೋದಿಲ್ಲ, ನ್ಯೂಟ್ರಲ್ ಸಿಗೋದೂ ಕಷ್ಟ. ನ್ಯೂಟ್ರಲ್ ಸಿಗಲ್ಲ ಅಂತ ಬರೆದ ತುಮಕೂರು ಮತ್ತು ಗದಗದ ಓದುಗರೂ ಇದನ್ನೇ ಮೊದಲು ನೋಡಿ. ಸಿಗ್ನಲ್ ಬಳಿ ನಿಂತ ಮೇಲೆ ಒದ್ದಾಡುವ ಬದಲು ಉರುಳುತ್ತಿರುವಾಗಲೇ ನ್ಯೂಟ್ರಲ್ ಮಾಡಿಕೊಳ್ಳಿ.

ಆಯಿಲ್ ವಿಷಯ. ನಮ್ಮ ಬೈಕ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಎಂಜಿನ್, ಕ್ಲಚ್, ಗೇರ್ ಬಾಕ್ಸ್ ಮೂರಕ್ಕೂ ಒಂದೇ ಆಯಿಲ್. ಗೇರಿನ ಹಲ್ಲುಗಳ ನಡುವೆ ಸಿಕ್ಕಿ ಸಿಕ್ಕಿ ಅದು ತೆಳುವಾಗುತ್ತೆ. ಬದಲಾಯಿಸುವ ಹೊತ್ತು ಹತ್ತಿರ ಬಂದಾಗ ಗೇರ್ ಒರಟಾಗೋದು ಅದಕ್ಕೇ. ಡಬ್ಬಿ ಮೇಲೆ ಬೈಕ್ ಆಯಿಲಿನ ಗುರುತಾದ ಜೆಎಎಸ್‌ಒ ಎಂಎ ಅಥವಾ ಎಂಎ2 ಅಂತ ಇರೋದನ್ನೇ ತನ್ನಿ. ಮಾವನ ಕಾರಿಗೆ ತಂದ ಆಯಿಲ್ ಮಿಕ್ಕಿದೆ ಅಂತ ಬೈಕಿಗೆ ಸುರಿಯಬೇಡಿ. ಇಂಧನ ಉಳಿಸೋಕೆ ಅಂತ ಕಾರಿನ ಕೆಲವು ಆಯಿಲ್‌ಗಳಿಗೆ ಜಾರಿಕೆ ಹೆಚ್ಚಿಸುವ ಪದಾರ್ಥ ಸೇರಿಸಿರುತ್ತಾರೆ, ಬೈಕಿನ ಕ್ಲಚ್ ಅದರಲ್ಲಿ ಜಾರುತ್ತೆ.

ಆಗುಂಬೆ ಘಾಟಿ ಇಳಿಯುವಾಗ ಪ್ರತಿ ತಿರುವಿನಲ್ಲೂ ಆಕ್ಸಿಲರೇಟರ್ ಮುಟ್ಟಿದ ಕೂಡಲೇ ಬೈಕ್ ಹಾರಿದಂತಾಗುತ್ತೆ. ಹಿಂದೆ ಕೂತವರು ಬೈತಾರೆ. ಚೈನ್, ರಬ್ಬರ್ ಎಲ್ಲಾ ಸರಿ ಇದೆ.
— ಓದುಗರು, ತೀರ್ಥಹಳ್ಳಿ

ಹದಿನಾಲ್ಕು ಹೇರ್‌ಪಿನ್‌ಗೂ ಬೈಸಿಕೊಂಡರೆ ಕಷ್ಟವೇ!

ಫ್ಯೂಯಲ್ ಇಂಜೆಕ್ಷನ್ ಬೈಕಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯುವಾಗ ಪೆಟ್ರೋಲ್ ಸಪ್ಲೈ ನಿಂತುಹೋಗುತ್ತೆ. ನೀವು ಮತ್ತೆ ತೆರೆದಾಗ ಸೊನ್ನೆಯಿಂದ ಒಮ್ಮೆಲೇ ಶುರುವಾಗುತ್ತೆ, ಅಷ್ಟು ಹೊತ್ತು ಒಂದು ಕಡೆ ಒರಗಿದ್ದ ಎಲ್ಲ ಪ್ಲೇಯೂ ಒಟ್ಟಿಗೆ ಇನ್ನೊಂದು ಕಡೆಗೆ ಬಡಿಯುತ್ತೆ. ಒಂದು ಎರಡನೇ ಗೇರಿನಲ್ಲಿ ಎಂಜಿನ್ನಿನ ಎಳೆತ ಹಲವು ಪಟ್ಟಾಗಿ ಚಕ್ರಕ್ಕೆ ಹೋಗೋದರಿಂದ ಏಟೂ ದೊಡ್ಡದು.

ತಿರುವಿಗೆ ಮೊದಲೇ ವೇಗ ಇಳಿಸಿ, ಗೇರ್ ಇಳಿಸಿ ಮುಗಿಸಿಬಿಡಿ. ತಿರುವಿನ ಒಳಗೆ ಆಕ್ಸಿಲರೇಟರ್ ಪೂರ್ತಿ ಮುಚ್ಚಬೇಡಿ, ಒಂದು ಕೂದಲೆಳೆಯಷ್ಟು ತೆರೆದೇ ಇರಲಿ, ಹಿಂದಿನ ಬ್ರೇಕನ್ನು ಬೆರಳ ತುದಿಯಷ್ಟು ಒತ್ತಿ ಹಿಡಿಯಿರಿ. ಎಂಜಿನ್ ಎಳೆಯುತ್ತೆ, ಬ್ರೇಕ್ ತಡೆಯುತ್ತೆ, ನಡುವೆ ಚೈನ್ ಯಾವಾಗಲೂ ಬಿಗಿಯಾಗಿಯೇ ಇರುತ್ತೆ. ಪ್ಲೇ ಅನ್ನೋದು ಆಡೋಕೆ ಜಾಗವೇ ಸಿಗಲ್ಲ. ಇದನ್ನು ತಿರುವುಗಳಲ್ಲಿ ಮಾತ್ರ ಮಾಡಿ. ಮೇಲಿನಿಂದ ಸೋಮೇಶ್ವರದವರೆಗೂ ಒತ್ತಿಕೊಂಡೇ ಹೋದರೆ ಬ್ರೇಕ್ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತೆ.

ಜೊತೆಗೆ ಆಕ್ಸಿಲರೇಟರ್ ಹಿಡಿಯಲ್ಲೇ ಎಷ್ಟು ಪ್ಲೇ ಇದೆ ನೋಡಿ. ಕೇಬಲ್ ಇರುವ ಬೈಕಿನಲ್ಲಿ ಸಾಮಾನ್ಯವಾಗಿ 2-3 ಮಿ.ಮೀ. ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ನಿಮ್ಮ ಕೈ ಮೊದಲು ಖಾಲಿ ತಿರುಗಿ ಆಮೇಲೆ ಒಮ್ಮೆಲೇ ಹಿಡಿಯುತ್ತೆ. ಎಷ್ಟೋ ಜನ ಚೈನಿಗೆ ಬೈಯೋದು ಈ ಕೇಬಲ್ ಮಾಡಿದ ತಪ್ಪಿಗೆ.

ಅಪ್ಪನ ಯೆಜ್ಡಿ ರಿಪೇರಿ ಮಾಡಿಸಿ ಓಡಿಸ್ತಿದ್ದೇನೆ. ಕ್ಲಚ್ ಹಿಡಿಯದೇ ಗೇರ್ ಹಾಕಬಹುದು ಅಂತ ಅಪ್ಪ ಹೇಳ್ತಾರೆ. ನಿಜಾನಾ? ನಿಧಾನ ಹೋಗುವಾಗ ಚೈನ್ ಕೇಸ್ ಒಳಗೆ 'ಟರ್ ಟರ್' ಸದ್ದು ಬೇರೆ.
— ಓದುಗರು, ಮೈಸೂರು

ಅಪ್ಪ ಹೇಳಿದ್ದು ನಿಜ. ಮೊದಲು ಜಾವಾ, ಆಮೇಲೆ ಯೆಜ್ಡಿ ಹೆಸರಲ್ಲಿ 1961ರಿಂದ 1996ರವರೆಗೆ ನಿಮ್ಮೂರಲ್ಲೇ ತಯಾರಾದ ಗಾಡಿ, ಅಪ್ಪನಿಗೆ ಗೊತ್ತಿಲ್ಲದೇ ಇರುತ್ತಾ! ಆ ಕಾಲದ ಜಾವಾ, ಯೆಜ್ಡಿಗಳಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಗೇರ್ ಲಿವರ್ ಒತ್ತುವಾಗ ಮೊದಲ ಸ್ವಲ್ಪ ದೂರಕ್ಕೇ ಒಳಗಿನ ವ್ಯವಸ್ಥೆ ಕ್ಲಚ್ ಬಿಡಿಸುತ್ತೆ, ಆಮೇಲೆ ಗೇರ್ ಬೀಳುತ್ತೆ. ಕ್ಲಚ್ ಅಡ್ಜಸ್ಟ್‌ಮೆಂಟ್ ಸರಿಯಿದ್ದರೆ ಮಾತ್ರ ಇದು ಚೆನ್ನಾಗಿ ಕೆಲಸ ಮಾಡುತ್ತೆ. ನಿಂತಲ್ಲಿಂದ ಹೊರಡೋಕೆ ಕೈ ಕ್ಲಚ್ಚೇ ಬಳಸಿ.

ಆ ಸದ್ದಿಗೆ ಅರ್ಧ ಕಾರಣ ಟೂ ಸ್ಟ್ರೋಕ್ ಸ್ವಭಾವ. ಆಕ್ಸಿಲರೇಟರ್ ಮುಚ್ಚಿದಾಗ ಅದು ಪ್ರತಿ ಸುತ್ತಿಗೂ ಹೊಡೆಯೋದಿಲ್ಲ, ಬಿಟ್ಟು ಬಿಟ್ಟು ಹೊಡೆಯುತ್ತೆ. ಆ ತಾಳ ತಪ್ಪಿದ ಏಟಿಗೆ ಚೈನ್ ಕುಣಿಯುತ್ತೆ. ಇನ್ನರ್ಧ, ಚೈನ್ ಪೂರ್ತಿ ಮುಚ್ಚಿದ ಕೇಸಿನೊಳಗೆ ಇರೋದರಿಂದ ಯಾರೂ ಅದರ ಮುಖ ನೋಡಿರೋದಿಲ್ಲ. ಧೂಳು ಬೀಳದೆ ಬಾಳಿಕೆ ಬರುತ್ತೆ ನಿಜ, ಆದರೆ ಜೋತುಬಿದ್ದು ಕೇಸಿಗೆ ತಾಗುತ್ತಿದ್ದರೂ ಗೊತ್ತಾಗಲ್ಲ. ಒಮ್ಮೆ ಬಿಚ್ಚಿಸಿ ನೋಡಿ. ಹಬ್ ರಬ್ಬರ್ ಅಪ್ಪನ ಕಾಲದ್ದೇ ಇದ್ದರೆ ಅದೂ ಬದಲಾಗಲಿ.

ಮ್ಯೂನಿಕ್‌ನಲ್ಲಿದ್ದೇನೆ. ಇಲ್ಲೇ ಹಳೇ ಬಿಎಂಡಬ್ಲ್ಯು ಜಿಎಸ್ ಬಾಕ್ಸರ್ ಕೊಂಡೆ. ಶಾಫ್ಟ್ ಡ್ರೈವ್ (ಚೈನಿನ ಬದಲು ತಿರುಗುವ ದಂಡ), ಚೈನಿನ ಕಾಟ ಇಲ್ಲ ಅಂತ ಖುಷಿಪಟ್ಟರೆ, ಇದರಲ್ಲೂ ಚಕ್ರ ಹಿಂದೆ ಮುಂದೆ ಆಡುತ್ತೆ. ಮೋಸ ಹೋದೆನಾ?
— ಓದುಗರು, ಮೂಲತಃ ಧಾರವಾಡ

ಇಲ್ಲ. ಶಾಫ್ಟ್ ಬೈಕಿನಲ್ಲೂ ಪ್ಲೇ ಇರುತ್ತೆ, ಚೈನಿನ ಜೋಲು ಕಾಣುವ ಹಾಗೆ ಕಣ್ಣಿಗೆ ಕಾಣಲ್ಲ ಅಷ್ಟೇ. ಗೇರ್ ಬಾಕ್ಸಿನ ಡಾಗ್‌ಗಳು, ಶಾಫ್ಟಿನ ಸ್ಪ್ಲೈನ್, ಯೂನಿವರ್ಸಲ್ ಜಾಯಿಂಟ್, ಕೊನೆಗೆ ಚಕ್ರದ ಪಕ್ಕದ ಬೆವೆಲ್ ಗೇರು, ಎಲ್ಲವೂ ಒಂದೊಂದು ಪಾಲು ಸೇರಿಸುತ್ತವೆ. ಚೈನಿನ ಹಾಗೆ ನಟ್ ತಿರುಗಿಸಿ ಸರಿಮಾಡೋಕಾಗಲ್ಲ. ಅದು ಈ ವ್ಯವಸ್ಥೆಯ ಲಾಭವೂ ಹೌದು, ನಷ್ಟವೂ ಹೌದು. 1987ರಿಂದ ಜಿಎಸ್‌ಗಳಲ್ಲಿರುವ ಪ್ಯಾರಾಲಿವರ್ ಅನ್ನೋ ಹಿಂದಿನ ಸಸ್ಪೆನ್ಶನ್ ಜೋಡಣೆ, ಆಕ್ಸಿಲರೇಟರ್ ಕೊಟ್ಟಾಗ ಬೈಕಿನ ಹಿಂಭಾಗ ಮೇಲೇಳೋದನ್ನು ಕಮ್ಮಿ ಮಾಡುತ್ತೆ, ಪ್ಲೇ ಕಮ್ಮಿ ಮಾಡೋದಿಲ್ಲ. ನಿಮ್ಮದು 2013ರಲ್ಲಿ ಬಂದ ವಾಟರ್ ಕೂಲ್ಡ್ ಮಾಡೆಲ್‌ಗಿಂತ ಹಿಂದಿನದಾದರೆ ಡ್ರೈ ಕ್ಲಚ್ (ಆಯಿಲಿನಲ್ಲಿ ಓಡದ ಕ್ಲಚ್), ಮೇಲೆ ಮಡಿಕೇರಿಯವರಿಗೆ ಹೇಳಿದ ಆಯಿಲ್ ಕತೆ ನಿಮಗೆ ಹೊಂದಲ್ಲ.

ಹಿಂದೆ ಮುಂದೆ ಆಡೋದಕ್ಕಿಂತ ಅಕ್ಕಪಕ್ಕ ಆಡೋದು ಅಪಾಯ. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಟೈರಿನ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲುಗಾಡಿಸಿ. ಸ್ಪಷ್ಟವಾಗಿ 'ಟಕ್ ಟಕ್' ಅಂದರೆ ಬೇರಿಂಗ್ ನೋಡಿಸಲೇಬೇಕು. ಫೈನಲ್ ಡ್ರೈವ್ ಆಯಿಲ್ ಇಳಿಸಿದಾಗ ಚೂರು ಇದೆಯಾ ಅಂತ ಪಕ್ಕದಲ್ಲೇ ನಿಂತು ನೋಡಿ. ಸೀಮೆಸುಣ್ಣದ ಗೀಟಿನ ಪರೀಕ್ಷೆ ನಿಮಗೂ ನಡೆಯುತ್ತೆ. ಈಗಿನ ಅಳತೆ ಬರೆದಿಟ್ಟುಕೊಂಡು ಮುಂದಿನ ಸರ್ವಿಸ್‌ನಲ್ಲಿ, ಅದೇ ಗೇರಿನಲ್ಲಿ ಹೋಲಿಸಿ. ಹೆಚ್ಚುತ್ತಾ ಹೋದರೆ ಮಾತ್ರ ಚಿಂತೆ.

ಕ್ಲಚ್ ಇಲ್ಲದೆ ಗೇರ್ ಏರಿಸಿದರೆ ಗೇರ್ ಬಾಕ್ಸ್ ಹಾಳಾಗುತ್ತಾ?
— ಓದುಗರು, ಬಳ್ಳಾರಿ

ಆಕ್ಸಿಲರೇಟರ್ ಸರಿಯಾದ ಕ್ಷಣಕ್ಕೆ ಬಿಟ್ಟು ಏರಿಸಿದರೆ ಏನೂ ಆಗಲ್ಲ. ಕ್ಷಣ ತಪ್ಪಿದರೆ ಡಾಗ್‌ಗಳ ಅಂಚು ಸವೆಯುತ್ತೆ, ಆಮೇಲೆ ಗೇರ್ ಜಾರೋಕೆ ಶುರು. ಕ್ವಿಕ್‌ಶಿಫ್ಟರ್ (ಗೇರ್ ಹಾಕುವ ಕ್ಷಣಕ್ಕೆ ಎಂಜಿನ್ನಿನ ಎಳೆತ ತಾನಾಗಿ ತಡೆಯುವ ಸಾಧನ) ಇಲ್ಲದ ಬೈಕಿನಲ್ಲಿ ದಿನಾ ಮಾಡೋಕೆ ಹೋಗಬೇಡಿ. ಇಳಿಸುವಾಗಂತೂ ಕ್ಲಚ್ ಹಿಡಿಯಲೇಬೇಕು.

ಹೈವೇಯಲ್ಲಿ ಎಂಜಿನ್ ಆರಾಮಾಗಿರಲಿ ಅಂತ ಮುಂದಿನ ಸ್ಪ್ರಾಕೆಟ್ 15 ಹಲ್ಲಿನದು ತೆಗೆದು 16ರದ್ದು ಹಾಕಿಸಬಹುದಾ?
— ಓದುಗರು, ಹುಬ್ಬಳ್ಳಿ

ಹಾಕಿಸಬಹುದು. ಅದೇ ವೇಗಕ್ಕೆ ಎಂಜಿನ್ ಶೇ. 6ರಷ್ಟು ನಿಧಾನ ತಿರುಗುತ್ತೆ. ಹುಬ್ಬಳ್ಳಿ–ಬೆಂಗಳೂರು ರಸ್ತೆಯಲ್ಲಿ ಚೆನ್ನಾಗಿರುತ್ತೆ. ಆದರೆ ಊರೊಳಗೆ, ಘಾಟಿಯಲ್ಲಿ, ಲೋಡ್ ಹಾಕಿದಾಗ ಎಂಜಿನ್ ಒದ್ದಾಡೋದು ಜಾಸ್ತಿಯಾಗುತ್ತೆ, ಮೊದಲ ಉತ್ತರದಲ್ಲಿ ಹೇಳಿದ ಕುಪ್ಪಳಿಸೋದು ಬೇಗ ಶುರುವಾಗುತ್ತೆ. ಸಿಂಗಲ್ ಸಿಲಿಂಡರ್ ಆದರೆ ನಾನಂತೂ ಬೇಡ ಅಂತೀನಿ. ಹಾಕಿಸಿದರೆ ಚೈನ್ ಅಳತೆ ಮತ್ತೆ ನೋಡಿಸಿ, ದೊಡ್ಡ ಸ್ಪ್ರಾಕೆಟ್‌ಗೆ ಅದೇ ಚೈನ್ ಬಿಗಿಯಾಗುತ್ತೆ. ವಾರಂಟಿ ಇನ್ನೂ ಇದ್ದರೆ ಸರ್ವಿಸ್ ಸೆಂಟರಿನಲ್ಲಿ ಮೊದಲೇ ಕೇಳಿ. ಸ್ಪೀಡೋಮೀಟರ್ ಗೇರ್ ಬಾಕ್ಸಿನಿಂದ ಲೆಕ್ಕ ತಗೊಳ್ಳುವಂಥದ್ದಾದರೆ ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸೋಕೆ ಶುರುಮಾಡುತ್ತೆ. ಮುಂದಿನ ಚಕ್ರದಿಂದ ತಗೊಳ್ಳುವಂಥದ್ದಾದರೆ ಏನೂ ಬದಲಾಗಲ್ಲ.